ನೀರಿಗೆ ಹೋದ ಗೊಬ್ಬರ

ಅಮೆರಿಕದ ಲೂಯಿಸಿಯಾನ ರಾಜ್ಯದ ಕರಾವಳಿಯಲ್ಲಿ 1985ರಿಂದ ಈಚೆಗೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಒಂದು ಅಳತೆ ನಡೆಯುತ್ತ ಬಂದಿದೆ. ಸಮುದ್ರವಿಜ್ಞಾನಿ ನ್ಯಾನ್ಸಿ ರಬಲೇ ಮತ್ತು ಅವರ ಸಂಗಡಿಗರು ಶುರುಮಾಡಿದ ಅಳತೆ ಅದು. ಮಿಸಿಸಿಪಿ ನದಿ ಮೆಕ್ಸಿಕೊ ಕೊಲ್ಲಿಯನ್ನು ಸೇರುವಲ್ಲಿಂದ ಪಶ್ಚಿಮಕ್ಕೆ ಹಡಗಿನಲ್ಲಿ ಸಾಗುತ್ತ, ಹತ್ತಾರು ಕಡೆ ನಿಂತು, ತಳದ ನೀರಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದಿದ್ದರೆ ಅಲ್ಲಿ ಸಿಗಡಿಗೆ ಬಲೆ ಬೀಸಿ ಪ್ರಯೋಜನವಿಲ್ಲ. ಈಜಬಲ್ಲವು ಆಗಲೇ ಜಾಗ ಬಿಟ್ಟಿರುತ್ತವೆ. ಕೆಸರಿನಲ್ಲಿ ಬದುಕುವ ಹುಳು, ಚಿಪ್ಪುಜೀವಿಗಳು ಸಾಯತೊಡಗಿರುತ್ತವೆ. 2017ರಲ್ಲಿ ಈ ಉಸಿರುಗಟ್ಟಿದ ನೀರಿನ, ಅಂದರೆ ‘ಮೃತ ವಲಯ’ದ ಹರವು 22,730 ಚದರ ಕಿಲೋಮೀಟರ್ ಮುಟ್ಟಿತ್ತು. ನಮ್ಮ ಬೆಳಗಾವಿ ಮತ್ತು ಶಿವಮೊಗ್ಗ ಜಿಲ್ಲೆಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಆ ನೀರಿಗೆ ಯಾರೂ ವಿಷ ಸುರಿದಿರಲಿಲ್ಲ. ಅಲ್ಲಿಗೆ ಬಂದು ಬಿದ್ದದ್ದು ಸಾರಜನಕ ಮತ್ತು ರಂಜಕ, ಅಂದರೆ ಗಿಡಗಳ ಊಟ. ಇದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಕಣ್ಣಿಗೆ ಬಿದ್ದದ್ದನ್ನು ಹಿಡಿದು ಉತ್ತರ ಹೇಳಿದರೆ ತಪ್ಪುತ್ತದೆ; ಒಂದೊಂದು ನದಿಗೂ ಒಂದೊಂದು ಕರಾವಳಿಗೂ ಅದರದೇ ಆದ ಜಮಾಖರ್ಚು ಬರೆದು ನೋಡಬೇಕು ಎಂಬುದು ಈ ಅಧ್ಯಾಯದ ವಾದ. ಅಲ್ಲಿನ ಉತ್ತರವನ್ನು ಇಲ್ಲಿಗೆ ತಂದು ಅಂಟಿಸುವುದೂ ಅಷ್ಟೇ ತಪ್ಪು.

ಊಟ ಉಸಿರು ಕಟ್ಟಿಸುವ ಬಗೆಯನ್ನು ಮೊದಲು ನೋಡೋಣ. ಹಿಮ ಕರಗಿ, ವಸಂತದ ಮಳೆ ಬಿದ್ದು ತುಂಬಿಬಂದ ಮಿಸಿಸಿಪಿಯ ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ಕಡಲಿನೊಳಗೆ ಬೆರೆಯದೆ ಮೇಲೆ ಪದರವಾಗಿ ಹರಡಿಕೊಳ್ಳುತ್ತದೆ, ಬೇಸಿಗೆಯ ಬಿಸಿಲು ಆ ಪದರವನ್ನು ಇನ್ನೂ ಹಗುರ ಮಾಡುತ್ತದೆ. ನದಿ ತಂದ ಸಾರಜನಕ, ರಂಜಕ ಸಿಕ್ಕಿ, ಬೆಳಕೂ ಸಿಕ್ಕಿ, ಮೇಲಿನ ಪದರದಲ್ಲಿ ಸೂಕ್ಷ್ಮಪಾಚಿಗಳು ಒಂದೇ ಸಮನೆ ಹೆಚ್ಚುತ್ತವೆ. 1930ರ ದಶಕದಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ಗಮನಿಸಿದಂತೆ, ಕಡಲಿನ ಈ ಸೂಕ್ಷ್ಮಸಸ್ಯಗಳ ಮೈಯಲ್ಲಿ ಒಂದು ಪರಮಾಣು ರಂಜಕಕ್ಕೆ ಸುಮಾರು 16 ಸಾರಜನಕ, 106 ಇಂಗಾಲ ಇರುತ್ತವೆ. ಈ ಅನುಪಾತದಲ್ಲಿಯೇ ಅಪಾಯದ ಗಾತ್ರ ಅಡಗಿದೆ: ನದಿ ತಂದ ಒಂದು ಚಿಟಿಕೆ ರಂಜಕ ಅದರ ಸುಮಾರು ನೂರು ಪಟ್ಟು ಸಾವಯವ ವಸ್ತುವನ್ನು ಕಟ್ಟಬಲ್ಲದು. ಸತ್ತ ಪಾಚಿ, ಅದನ್ನು ತಿಂದ ಪುಟ್ಟ ಜೀವಿಗಳ ಹಿಕ್ಕೆ ಎಲ್ಲ ತಳಕ್ಕಿಳಿಯುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಕೊಳೆಸುತ್ತ ಆಮ್ಲಜನಕ ಬಳಸುತ್ತವೆ. ಮೇಲಿನ ಹಗುರ ಪದರ ಮುಚ್ಚಳದಂತೆ ಕುಳಿತಿರುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯದು. ಶರತ್ಕಾಲದ ಬಿರುಗಾಳಿ ಬಂದು ನೀರನ್ನು ಕಲಕುವವರೆಗೆ ಅಲ್ಲಿ ಇದೇ ಸ್ಥಿತಿ.

ಹಾಗಾದರೆ ಯಾರ ಸಾರಜನಕ? ಮಿಸಿಸಿಪಿಯ ಜಲಾನಯನ ಅಮೆರಿಕದ ಮುಖ್ಯಭೂಮಿಯ ಸುಮಾರು 41 ಶೇಕಡಾ, ಹತ್ತಿರ ಹತ್ತಿರ 32 ಲಕ್ಷ ಚದರ ಕಿಲೋಮೀಟರ್. ಅದರೊಳಗೆ ಮಿನಿಯಾಪೊಲಿಸ್, ಸೇಂಟ್ ಲೂಯಿಸ್, ಮೆಂಫಿಸ್‌ನಂಥ ನಗರಗಳಿವೆ, ಕಾರ್ಖಾನೆಗಳಿವೆ, ಅವುಗಳಿಂದ ನದಿಗೆ ಬಾಯಿ ತೆರೆದ ಕೊಳವೆಗಳಿವೆ. ಅನುಮಾನ ಮೊದಲು ಹೋಗುವುದು ಅಲ್ಲಿಗೇ. ಅಮೆರಿಕದ ಕಾನೂನು ಹೋದದ್ದೂ ಅಲ್ಲಿಗೇ. 1969ರಲ್ಲಿ ಒಹಾಯೊದ ಕಯಾಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಂಕಿ ಹತ್ತಿ ದೇಶವೇ ತಿರುಗಿ ನೋಡಿದ ಮೇಲೆ, 1972ರಲ್ಲಿ ಬಂದ ಶುದ್ಧ ಜಲ ಕಾಯ್ದೆ ಕೊಳವೆಯಿಂದ ನದಿಗೆ ಬಿಡುವ ಪ್ರತಿಯೊಬ್ಬರೂ ಪರವಾನಗಿ ಪಡೆಯಬೇಕೆಂದು ಹೇಳಿತು. ಹೊಲದಿಂದ ಮಳೆನೀರಿನೊಡನೆ ಹರಿದು ಬರುವುದಕ್ಕೆ, ನೀರಾವರಿಯ ಬಸಿನೀರಿಗೆ ಮಾತ್ರ ವಿನಾಯಿತಿ ಸಿಕ್ಕಿತು. 2008ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ರಿಚರ್ಡ್ ಅಲೆಕ್ಸಾಂಡರ್ ಮತ್ತಿತರರು ನದಿಯುದ್ದಕ್ಕೂ ನಡೆದ ಅಳತೆಗಳನ್ನು, ಪ್ರತಿ ಉಪನದಿಯ ಜಲಾನಯನದಲ್ಲಿನ ಬೆಳೆ, ದನಕರು, ಜನಸಂಖ್ಯೆ, ಗಾಳಿಯಿಂದ ಬೀಳುವ ಸಾರಜನಕಗಳ ಜೊತೆ ತಾಳೆ ಹಾಕಿ ಲೆಕ್ಕ ಕಟ್ಟಿದರು. ಕೊಲ್ಲಿ ಮುಟ್ಟುವ ಸಾರಜನಕದಲ್ಲಿ 52 ಶೇಕಡಾ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳದು. ಬೇಸಾಯ, ಪಶುಪಾಲನೆ ಎಲ್ಲ ಕೂಡಿದರೆ 70 ಶೇಕಡಾಕ್ಕೂ ಹೆಚ್ಚು. ನಗರಗಳ ಪಾಲು 9 ಶೇಕಡಾ. ರಂಜಕದಲ್ಲಿ ನಗರಗಳದು 12 ಶೇಕಡಾ, ಹುಲ್ಲುಗಾವಲಿನ ದನಗಳ ಸಗಣಿಯದು 37 ಶೇಕಡಾ. ಕಾನೂನು ಕಣ್ಣಿಟ್ಟು ಕಾದದ್ದು ಲೆಕ್ಕದ ಸಣ್ಣ ಭಾಗವನ್ನು. ದೊಡ್ಡ ಭಾಗ ಅದರ ಕೈಗೆ ಸಿಗದ ದಾರಿಯಲ್ಲಿ ಹರಿಯುತ್ತಿತ್ತು.

ಇಲ್ಲೊಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ರೈತ ಗೊಬ್ಬರಕ್ಕೆ ದುಡ್ಡು ಕೊಟ್ಟಿದ್ದಾನೆ, ನದಿಗೆ ಚೆಲ್ಲಲು ಅಲ್ಲ. ಹೊಲದಿಂದ ಅಷ್ಟೊಂದು ಸೋರಲು ಹೇಗೆ ಸಾಧ್ಯ? ಉತ್ತರ ಮಣ್ಣಿನ ರಸಾಯನದಲ್ಲಿದೆ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ, ನೈಟ್ರೇಟಿನ ಮೇಲೂ ಅದೇ. ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಬೇರು ಹೀರಿಕೊಳ್ಳದೆ ಬಿಟ್ಟ ನೈಟ್ರೇಟ್ ನೀರು ಹೋದಲ್ಲಿಗೆ ಹೋಗುತ್ತದೆ. ರಂಜಕದ ಸ್ವಭಾವ ಬೇರೆ, ಅದು ಮಣ್ಣಿನ ಕಣಕ್ಕೆ ಕಚ್ಚಿಕೊಂಡು ಕೂರುತ್ತದೆ, ಮಣ್ಣು ಕೊಚ್ಚಿಹೋದಾಗ ಜೊತೆಗೆ ಹೋಗುತ್ತದೆ. ಅಯೋವ, ಇಲಿನಾಯ್ ರಾಜ್ಯಗಳ ಕಪ್ಪುನೆಲ ಮೂಲತಃ ಜೌಗು. ಅದನ್ನು ಬೇಸಾಯಕ್ಕೆ ತರಲು ನೆಲದಡಿ ಒಂದು ಮೀಟರಿನಷ್ಟು ಆಳದಲ್ಲಿ ಸಾಲುಸಾಲಾಗಿ ಬಸಿಕೊಳವೆ ಹೂತಿದ್ದಾರೆ, ಮೊದಲು ಸುಟ್ಟಮಣ್ಣಿನವು, ಈಗ ಪ್ಲಾಸ್ಟಿಕ್ಕಿನವು. ನಮ್ಮ ಗದ್ದೆಗಳ ಬಸಿಗಾಲುವೆ ಮಾಡುವ ಕೆಲಸವನ್ನೇ ಅವು ಕಣ್ಣಿಗೆ ಕಾಣದಂತೆ ಮಾಡುತ್ತವೆ. ಜೌಗು ಇದ್ದಾಗ ಅದರ ಕೆಸರಿನ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಮತ್ತೆ ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತಿದ್ದವು. ಬಸಿಕೊಳವೆ ಆ ಅವಕಾಶವನ್ನೇ ತಪ್ಪಿಸಿ, ನೈಟ್ರೇಟನ್ನು ಬೇರಿನ ಕೆಳಗಿನಿಂದ ನೇರ ಹಳ್ಳಕ್ಕೆ ಮುಟ್ಟಿಸುತ್ತದೆ. ಅದಕ್ಕೆ ಕಾಲವೂ ಸೇರಿಕೊಳ್ಳುತ್ತದೆ: ಮೆಕ್ಕೆಜೋಳ ನೆಲದಲ್ಲಿರುವುದು ವರ್ಷದ ನಾಲ್ಕೈದು ತಿಂಗಳು. ಉಳಿದ ಕಾಲ ಹೊಲ ಬರಿದು, ಮಣ್ಣಿನ ಸಾವಯವ ಸಾರಜನಕ ಕೊಳೆತು ನೈಟ್ರೇಟ್ ಆಗುತ್ತಲೇ ಇರುತ್ತದೆ, ವಸಂತದ ಮಳೆ ಬಂದಾಗ ಹೀರಲು ಬೇರೇ ಇರುವುದಿಲ್ಲ. ಹೀಗಾಗಿ ಒಬ್ಬೊಬ್ಬ ರೈತನ ನಷ್ಟ ಅವನ ಖರ್ಚಿನ ಪಟ್ಟಿಯಲ್ಲಿ ಗಮನಕ್ಕೆ ಬಾರದಷ್ಟು ಚಿಕ್ಕದಿರಬಹುದು. ಕೋಟಿಗಟ್ಟಲೆ ಹೆಕ್ಟೇರಿನಿಂದ ಗುಣಿಸಿದಾಗ ಅದೇ ಒಂದು ಸಮುದ್ರಕ್ಕೆ ಸಾಕಾಗುತ್ತದೆ. ರೈತನನ್ನು ಕಳ್ಳನೆಂದು ಕರೆಯುವ ಅಗತ್ಯ ಈ ಲೆಕ್ಕಕ್ಕೆ ಇಲ್ಲ.

ಬೇಸಾಯ ಎಂದಾಗ ಮೂಟೆಯ ಗೊಬ್ಬರವಷ್ಟೇ ಅಲ್ಲ. ಅಯೋವದಲ್ಲಿ ಸುಮಾರು 32 ಲಕ್ಷ ಜನರಿದ್ದಾರೆ, ಹಂದಿಗಳು 2 ಕೋಟಿಗೂ ಹೆಚ್ಚು. ಆ ಹಂದಿಗಳ ಗಂಜಲ, ಸಗಣಿ ಯಾವ ಶುದ್ಧೀಕರಣ ಘಟಕಕ್ಕೂ ಹೋಗುವುದಿಲ್ಲ, ಹೊಲಕ್ಕೇ ಹೋಗುತ್ತದೆ. ಅಯೋವದ ರಾಜಧಾನಿ ಡಿಮಾಯಿನ್‌ನ ನೀರು ಸರಬರಾಜು ಸಂಸ್ಥೆ 1990ರ ದಶಕದ ಮೊದಲಿಂದಲೇ ಕುಡಿಯುವ ನೀರಿನ ನೈಟ್ರೇಟ್ ತೆಗೆಯಲು ದೊಡ್ಡ ಯಂತ್ರಸ್ಥಾವರ ನಡೆಸುತ್ತಿದೆ. 2015ರಲ್ಲಿ ಅದು ಮೇಲ್ದಂಡೆಯ ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ ದಾವೆ ಹೂಡಿತು. ಬಸಿಕೊಳವೆಯೂ ಕೊಳವೆಯೇ, ಅದಕ್ಕೂ ಪರವಾನಗಿ ಬೇಕು ಎಂಬುದು ಅದರ ವಾದ. 2017ರಲ್ಲಿ ದಾವೆ ವಜಾ ಆಯಿತು. ನೈಟ್ರೇಟ್ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ವಿಜ್ಞಾನಕ್ಕೆ ಗೊಂದಲವಿರಲಿಲ್ಲ. ಆ ಮಂಡಳಿಗಳನ್ನು ಹೊಣೆ ಮಾಡಲು ಕಾನೂನಿನಲ್ಲಿ ಅವಕಾಶ ಸಿಗಲಿಲ್ಲ, ಅಷ್ಟೆ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಅಲೆಕ್ಸಾಂಡರ್ ಅವರ ಲೆಕ್ಕ ಒಂದು ಮಾದರಿ ಮಾತ್ರ. ನದಿ ತುಂಬಿ ಹರಿದ ವರ್ಷ ಮೃತ ವಲಯ ಹಿಗ್ಗುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ; ಇದು ಗೊಬ್ಬರದ ಕಥೆಯಲ್ಲ, ನೀರಿನ ಕಥೆ ಎನ್ನಬಹುದಲ್ಲ? ಕೊಲ್ಲಿಯ ತಳದ ಹೂಳಿನಲ್ಲಿ ಪದರಪದರವಾಗಿ ಉಳಿದಿರುವ ಸೂಕ್ಷ್ಮಜೀವಿಗಳ ಚಿಪ್ಪುಗಳು ಇದಕ್ಕೆ ಒಂದು ಉತ್ತರ ಕೊಡುತ್ತವೆ: ಕಡಿಮೆ ಆಮ್ಲಜನಕ ತಾಳಿಕೊಳ್ಳುವ ಜಾತಿಗಳು ಅಲ್ಲಿ ಹೆಚ್ಚಿರುವುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಪ್ರವಾಹಗಳು ಅದಕ್ಕೂ ಮುಂಚೆ ಬೇಕಾದಷ್ಟು ಬಂದಿದ್ದವು, 1927ರ ಮಹಾಪ್ರವಾಹವೂ ಸೇರಿ. ಎರಡನೆಯ ಉತ್ತರ ಕಪ್ಪುಸಮುದ್ರದ್ದು, ಯಾರೂ ಯೋಜಿಸದೆ ನಡೆದ ಒಂದು ದೊಡ್ಡ ಪ್ರಯೋಗ ಅದು. ಡ್ಯಾನ್ಯೂಬ್ ನದಿ ಸೇರುವ ಅದರ ವಾಯವ್ಯ ಅಂಚಿನಲ್ಲಿ 1970ರಿಂದ 1980ರ ದಶಕದವರೆಗೆ ವಿಶಾಲ ಮೃತ ವಲಯ ಬೆಳೆದಿತ್ತು. 1989ರಿಂದ 1991ರ ನಡುವೆ ಪೂರ್ವ ಯುರೋಪಿನ ಸರಕಾರಗಳು ಒಂದೊಂದಾಗಿ ಉರುಳಿ, ರಸಗೊಬ್ಬರಕ್ಕೆ ಸಿಗುತ್ತಿದ್ದ ಸರಕಾರಿ ನೆರವು ನಿಂತಿತು, ದೊಡ್ಡದೊಡ್ಡ ಹಂದಿ ಸಾಕಣೆ ಕೇಂದ್ರಗಳು ಮುಚ್ಚಿದವು. ನದಿ ಹರಿಯುವುದು ನಿಲ್ಲಲಿಲ್ಲ. ಆದರೂ 1990ರ ದಶಕದ ನಡುವಿನ ಹೊತ್ತಿಗೆ ಆ ಮೃತ ವಲಯ ಬಹಳಷ್ಟು ಕುಗ್ಗಿತ್ತು. ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಕೈಗಾರಿಕೆಗಳೂ ಆಗಲೇ ಕುಸಿದಿದ್ದರಿಂದ, ಎಲ್ಲ ಶ್ರೇಯಸ್ಸನ್ನೂ ಗೊಬ್ಬರದ ಇಳಿಕೆಗೇ ಕೊಡಲಾಗದು. ಆದರೆ ನೀರಿನ ಪ್ರಮಾಣವೊಂದೇ ಕಾರಣ ಎಂಬ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ಸಾರಜನಕವೋ ರಂಜಕವೋ ಎಂಬ ಜಗಳವೂ ಮೂಲದ ಪ್ರಶ್ನೆಗೆ ಸೇರಿದ್ದೇ, ಏಕೆಂದರೆ ಎರಡರ ದಾರಿಗಳು ಬೇರೆ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಒಂದು ಪುಟ್ಟ ಸರೋವರವನ್ನು ಪರದೆ ಹಾಕಿ ಎರಡು ಮಾಡಿದರು. ಸರೋವರ ಸಂಖ್ಯೆ 226 ಎಂದು ಅದರ ಹೆಸರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು, ಇನ್ನೊಂದಕ್ಕೆ ಅವುಗಳ ಜೊತೆ ರಂಜಕವನ್ನೂ. ರಂಜಕ ಬಿದ್ದ ಭಾಗ ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರ ಬಟ್ಟೆ ಸೋಪಿನ ಪುಡಿಯಿಂದ ರಂಜಕ ತೆಗೆಯಿಸುವ ವಾದಕ್ಕೆ ಬಲ ಕೊಟ್ಟಿತು. ಸಿಹಿನೀರಿನ ನೀಲಿಹಸಿರು ಪಾಚಿಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೇ ಹಿಡಿದುಕೊಳ್ಳಬಲ್ಲವು, ಆದ್ದರಿಂದ ಕೆರೆಗಳಲ್ಲಿ ಕಡಿವಾಣ ಹೆಚ್ಚಾಗಿ ರಂಜಕದ ಕೈಯಲ್ಲಿ. ಕಡಲಂಚಿನಲ್ಲಿ ಆ ಜಾತಿಗಳು ಕಡಿಮೆ, ಅಲ್ಲಿ ಸಾರಜನಕದ ಕೊರತೆಯೇ ಸಾಮಾನ್ಯವಾಗಿ ಬೆಳವಣಿಗೆಯನ್ನು ತಡೆಯುತ್ತದೆ. ಸೋಪಿನ ರಂಜಕ ತೆಗೆದು, ನಗರದ ಕೊಳಚೆ ಶುದ್ಧಮಾಡಿ, 1980ರ ದಶಕದಲ್ಲಿ ಅಮೆರಿಕ–ಕೆನಡಾ ಗಡಿಯ ಇರೀ ಸರೋವರ ಚೇತರಿಸಿಕೊಂಡಿತು. ಅದೇ ಸರೋವರ 2014ರ ಆಗಸ್ಟಿನಲ್ಲಿ ಟೊಲಿಡೊ ನಗರದ ಸುಮಾರು 5 ಲಕ್ಷ ಜನರಿಗೆ ನಲ್ಲಿ ನೀರು ಮುಟ್ಟದಂತೆ ಮಾಡಿತು, ಪಾಚಿಯ ವಿಷ ನೀರಿಗೆ ಬಂದಿತ್ತು. ಈ ಬಾರಿ ರಂಜಕದ ಹೆಚ್ಚಿನ ಪಾಲು ಬಂದದ್ದು ಮೌಮಿ ನದಿಯ ಬಯಲಿನ ಹೊಲಗಳಿಂದ. ಒಂದೇ ನೀರು, ಒಂದೇ ಪೋಷಕ, ನಾಲ್ಕು ದಶಕದಲ್ಲಿ ಮೂಲ ಬದಲಾಗಿತ್ತು.

ಕಾಲದ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ನೀತಿ ರೂಪಿಸುವವರು ಮೇಲಿಂದ ಮೇಲೆ ಎಡವುವುದು ಇಲ್ಲಿಯೇ. ಮಿಸಿಸಿಪಿಯ ರಾಜ್ಯಗಳು ಮತ್ತು ಕೇಂದ್ರ ಸರಕಾರ ಕೂಡಿ 2001ರಲ್ಲಿ ಒಂದು ಗುರಿ ಇಟ್ಟುಕೊಂಡವು: 2015ರೊಳಗೆ ಮೃತ ವಲಯವನ್ನು 5,000 ಚದರ ಕಿಲೋಮೀಟರಿಗೆ ಇಳಿಸುವುದು. ಗುರಿ ಮುಟ್ಟಲಿಲ್ಲ, ಗಡುವನ್ನು 2035ಕ್ಕೆ ಮುಂದೂಡಿದರು. 2018ರಲ್ಲಿ ಕಿಂಬರ್ಲಿ ವ್ಯಾನ್ ಮೀಟರ್, ನಂದಿತಾ ಬಸು ಮತ್ತಿತರರು ಪ್ರಕಟಿಸಿದ ಅಧ್ಯಯನ ಈ ತಡಕ್ಕೆ ಒಂದು ಕಾರಣ ತೋರಿಸಿತು. ದಶಕಗಳಿಂದ ಹಾಕಿದ ಸಾರಜನಕದಲ್ಲಿ ಬೆಳೆಗೆ ಹೋಗದ್ದು ಎಲ್ಲವೂ ಆ ವರ್ಷವೇ ನದಿ ಸೇರಿಲ್ಲ. ಒಂದು ಭಾಗ ಮಣ್ಣಿನ ಸಾವಯವ ಅಂಶದಲ್ಲಿ ಕುಳಿತಿದೆ, ಒಂದು ಭಾಗ ಅಂತರ್ಜಲದಲ್ಲಿ ನಿಧಾನವಾಗಿ ಸಾಗುತ್ತಿದೆ. ಇಂದಿನಿಂದಲೇ ಒಂದು ಕಣವೂ ವ್ಯರ್ಥವಾಗದಂತೆ ಬೇಸಾಯ ನಡೆದರೂ ಕೊಲ್ಲಿಯ ಗುರಿ ಮುಟ್ಟಲು ಸುಮಾರು 30 ವರ್ಷ ಬೇಕು ಎಂದು ಅವರ ಲೆಕ್ಕ. ಲಾಟ್ವಿಯಾದ ನದಿಗಳಲ್ಲೂ ಹೀಗೇ ಕಂಡಿತ್ತು, ಸೋವಿಯತ್ ಒಕ್ಕೂಟ ಒಡೆದು ಗೊಬ್ಬರದ ಬಳಕೆ ಪಾತಾಳಕ್ಕಿಳಿದರೂ ಹಲವು ನದಿಗಳ ನೈಟ್ರೇಟ್ ವರ್ಷಗಟ್ಟಲೆ ಅಷ್ಟಾಗಿ ಇಳಿಯಲಿಲ್ಲ. ಆದ್ದರಿಂದ ಇವತ್ತು ನದಿಯಲ್ಲಿ ಸಿಗುವ ನೈಟ್ರೇಟಿನ ಮೂಲ ಇವತ್ತಿನ ರೈತನೇ ಆಗಬೇಕೆಂದಿಲ್ಲ, ಅವನ ತಂದೆಯ ಕಾಲದ ಹೊಲವೂ ಆಗಿರಬಹುದು. ಕ್ರಮ ಕೈಗೊಂಡ ಐದು ವರ್ಷಕ್ಕೆ ಫಲ ಕಾಣಲಿಲ್ಲವೆಂದು ಕ್ರಮವನ್ನೇ ಕೈಬಿಡುವುದು ಇದೇ ಕಾರಣಕ್ಕೆ ಅವಿವೇಕ.

ಗೊಬ್ಬರವಿಲ್ಲದೆ ಜಗತ್ತು ಉಣ್ಣುವುದು ಹೇಗೆ ಎಂದು ಕೇಳುವವರ ಕಾಳಜಿ ನಿಜವಾದದ್ದು. 1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿ ತೋರಿಸಿ, 1913ರಲ್ಲಿ ಕಾರ್ಲ್ ಬಾಷ್ ಜರ್ಮನಿಯ ಓಪೌನಲ್ಲಿ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ ಮೇಲೆ ಮನುಷ್ಯಕುಲದ ಸುಮಾರು ಅರ್ಧದಷ್ಟು ಜನರ ಊಟ ಆ ವಿಧಾನವನ್ನು ನೆಚ್ಚಿಕೊಂಡಿದೆ. ಅದನ್ನು ನಿಲ್ಲಿಸಿ ಎಂದು ಯಾವ ಲೆಕ್ಕವೂ ಹೇಳುತ್ತಿಲ್ಲ. ಡೆನ್ಮಾರ್ಕ್ 1980ರ ದಶಕದ ನಡುವಿನಿಂದ ಪ್ರತಿ ಹೊಲಕ್ಕೂ ಸಾರಜನಕದ ಮಿತಿ, ಸಗಣಿ ಗೊಬ್ಬರವನ್ನು ಕೂಡಿಡುವ ತೊಟ್ಟಿ, ಚಳಿಗಾಲದಲ್ಲೂ ನೆಲ ಮುಚ್ಚುವ ಬೆಳೆ ಇವನ್ನೆಲ್ಲ ಕಡ್ಡಾಯ ಮಾಡುತ್ತ ಬಂತು. ಕಡಲಿಗೆ ಹೋಗುವ ಸಾರಜನಕ ಸುಮಾರು ಅರ್ಧಕ್ಕಿಳಿಯಿತು. ಅಲ್ಲಿನ ರೈತರು ಗೋಧಿಯ ಪ್ರೋಟೀನ್ ಕಡಿಮೆಯಾಯಿತೆಂದು ದೂರಿದ್ದುಂಟು, ಆ ದೂರಿನಲ್ಲಿ ಹುರುಳೂ ಇತ್ತು. ಆದರೆ ಬೇಸಾಯ ನಿಲ್ಲಲಿಲ್ಲ, ದೇಶ ಹಸಿಯಲಿಲ್ಲ.

ಇಷ್ಟು ಓದಿದವರು ಭಾರತದಲ್ಲೂ ಹೊಲವೇ ಮುಖ್ಯ ಮೂಲ ಎಂದುಕೊಳ್ಳುವುದು ಸುಲಭ. ಯೂರಿಯಾದ ಬಳಕೆ ವರ್ಷಕ್ಕೆ 350 ಲಕ್ಷ ಟನ್ನಿಗೂ ಹೆಚ್ಚು; 45 ಕಿಲೋ ಚೀಲಕ್ಕೆ ರೈತ ಕೊಡುವುದು 270 ರೂಪಾಯಿಗೂ ಕಡಿಮೆ, ರಂಜಕವೂ ಇರುವ ಡಿಎಪಿ ಗೊಬ್ಬರದ 50 ಕಿಲೋ ಚೀಲಕ್ಕೆ 1,350. ಅಗ್ಗವಾದದ್ದನ್ನು ಕೈಬಿಚ್ಚಿ ಹಾಕುವುದು ಯಾರಿಗಾದರೂ ಸಹಜ. ಭತ್ತದ ಗದ್ದೆಯ ನಿಂತ ನೀರಿಗೆ ಎರಚಿದ ಯೂರಿಯಾದ ಒಂದು ದೊಡ್ಡ ಭಾಗ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಮಳೆಯೊಡನೆ ಮತ್ತೆಲ್ಲೋ ಬೀಳುತ್ತದೆ. ಆದರೂ ಕರ್ನಾಟಕದ ಒಳನಾಡಿನ ಹೊಲ ಅಯೋವದ ಹೊಲವಲ್ಲ. ಇಲ್ಲಿ ನೆಲದಡಿ ಬಸಿಕೊಳವೆಗಳು ಅಪರೂಪ, ಮಳೆ ಕಡಿಮೆ, ಬೋರ್‌ವೆಲ್ಲುಗಳು ನೀರನ್ನು ಕೆಳಕ್ಕೆಳೆಯುತ್ತವೆ. ಬೇರು ಬಿಟ್ಟ ನೈಟ್ರೇಟ್ ಅಡ್ಡಕ್ಕೆ ಹರಿದು ನದಿ ಸೇರುವುದಕ್ಕಿಂತ ಹೆಚ್ಚಾಗಿ ಕೆಳಕ್ಕಿಳಿದು ಅಂತರ್ಜಲ ಸೇರುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ತೆಗೆದ ನೀರಿನ ಮಾದರಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕುಡಿಯುವ ನೀರಿನ ನೈಟ್ರೇಟ್ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದವು. ಇದರಲ್ಲಿ ಗೊಬ್ಬರದ ಜೊತೆ ಕೊಟ್ಟಿಗೆಯದೂ ಶೌಚದ ಗುಂಡಿಯದೂ ಪಾಲಿದೆ. ವ್ಯಾನ್ ಮೀಟರ್ ತಂಡ ಮಿಸಿಸಿಪಿಯಲ್ಲಿ ಗುರುತಿಸಿದ ಆ ಹಳೆಯ ಬಾಕಿ ನಮ್ಮಲ್ಲಿ ಜನ ಕುಡಿಯುವ ಬಾವಿಯಲ್ಲೇ ಸೇರಿಕೊಳ್ಳುತ್ತಿದೆ.

ನಮ್ಮ ನದಿಗಳ ಮೇಲ್ಮೈ ನೀರಿನ ಲೆಕ್ಕ ಬರೆಯತೊಡಗಿದರೆ ನಗರದ ಸಾಲು ಬೇಗ ದೊಡ್ಡದಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಅಂದಾಜಿನಂತೆ ದೇಶದ ನಗರಗಳಿಂದ ದಿನಕ್ಕೆ ಹೊರಡುವ ಕೊಳಚೆ ನೀರು 7,236.8 ಕೋಟಿ ಲೀಟರ್, ಅದರಲ್ಲಿ ನಿಜವಾಗಿ ಶುದ್ಧೀಕರಣ ಆಗುವುದು 2,023.6 ಕೋಟಿ, ಅಂದರೆ 28 ಶೇಕಡಾ. ಬೆಂಗಳೂರನ್ನೇ ತೆಗೆದುಕೊಂಡು ಒಂದು ಸರಳ ಲೆಕ್ಕ ಹಾಕಬಹುದು. ಭಾರತದ ಆಹಾರ ತಿನ್ನುವ ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 2.7 ಕಿಲೋ ಸಾರಜನಕ, 0.4 ಕಿಲೋ ರಂಜಕ ವಿಸರ್ಜಿಸುತ್ತಾನೆ, ಸಾರಜನಕದ ಬಹುಪಾಲು ಮೂತ್ರದಲ್ಲಿ. 1.3 ಕೋಟಿ ಜನರೆಂದು ಹಿಡಿದರೆ ಸಾರಜನಕ 35,000 ಟನ್. ಯೂರಿಯಾದಲ್ಲಿ ಸಾರಜನಕ 46 ಶೇಕಡಾ. ಆ ಲೆಕ್ಕದಲ್ಲಿ ನಗರವು ಪ್ರತಿ ವರ್ಷ ಸುಮಾರು 17 ಲಕ್ಷ ಚೀಲ ಯೂರಿಯಾಕ್ಕೆ ಸಮನಾದದ್ದನ್ನು ಒಳಚರಂಡಿಗೆ, ರಾಜಕಾಲುವೆಗೆ ಬಿಡುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಪಾಲು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ದಕ್ಷಿಣ ಪಿನಾಕಿನಿಗೆ, ಗಡಿ ದಾಟಿ ಹೊಸೂರಿನ ಕೆಳವರಪಳ್ಳಿ ಅಣೆಕಟ್ಟಿಗೆ ಹೋಗುತ್ತದೆ. ವೃಷಭಾವತಿಯ ಪಾಲು ಅರ್ಕಾವತಿ ಸೇರಿ ಕಾವೇರಿಗೆ. ಬೆಳ್ಳಂದೂರಿನ ನೊರೆ 2015ರಲ್ಲಿ ರಸ್ತೆಗೆ ಹಾರಿದಾಗ, 2017 ಮತ್ತು 2018ರಲ್ಲಿ ಕೆರೆಗೆ ಬೆಂಕಿ ಹತ್ತಿದಾಗ ದೇಶ ನೋಡಿತು. ನೊರೆಗೆ ಕಾರಣ ಮುಖ್ಯವಾಗಿ ಸೋಪಿನ ರಾಸಾಯನಿಕಗಳು. ಆದರೆ ನೀರನ್ನು ಮುಚ್ಚಿ ಹಬ್ಬಿದ ಅಂತರಗಂಗೆ, ತಳದಲ್ಲಿ ಕೊಳೆತು ಮೀಥೇನ್ ಬಿಟ್ಟ ಹೂಳು, ಇವೆಲ್ಲ ಬೆಳೆದದ್ದು ಈ ಸಾರಜನಕ, ರಂಜಕಗಳ ಮೇಲೆಯೇ.

ಕೊಳಚೆ ಶುದ್ಧೀಕರಣ ಘಟಕಗಳನ್ನು ಕಟ್ಟಿಬಿಟ್ಟರೆ ಈ ಸಾಲು ಅಳಿಸಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಸಾಮಾನ್ಯ ಘಟಕ ಮಾಡುವುದು ಕೊಳೆಯುವ ಇಂಗಾಲದ ಅಂಶವನ್ನು ಬ್ಯಾಕ್ಟೀರಿಯಗಳಿಗೆ ತಿನ್ನಿಸುವ ಕೆಲಸ. ನೀರು ತಿಳಿಯಾಗುತ್ತದೆ, ವಾಸನೆ ಹೋಗುತ್ತದೆ. ಅಮೋನಿಯ ಹೆಚ್ಚೆಂದರೆ ನೈಟ್ರೇಟ್ ಆಗುತ್ತದೆ, ನೀರಿನಲ್ಲೇ ಉಳಿಯುತ್ತದೆ. ಅದನ್ನು ಅನಿಲ ಮಾಡಿ ಹೊರಹಾಕಲು ಆಮ್ಲಜನಕವಿಲ್ಲದ ಇನ್ನೊಂದು ತೊಟ್ಟಿ ಬೇಕು, ರಂಜಕ ತೆಗೆಯಲು ಕಬ್ಬಿಣದ ಅಥವಾ ಅಲ್ಯೂಮಿನಿಯಮ್ಮಿನ ಲವಣ ಬೇಕು ಇಲ್ಲವೇ ಅದಕ್ಕೆಂದೇ ಪಳಗಿಸಿದ ಬ್ಯಾಕ್ಟೀರಿಯ ಬೇಕು. ಕೇಂದ್ರ ಪರಿಸರ ಸಚಿವಾಲಯದ 2015ರ ಕರಡು ನಿಯಮದಲ್ಲಿ ಒಟ್ಟು ಸಾರಜನಕಕ್ಕೆ ಲೀಟರಿಗೆ 10 ಮಿಲಿಗ್ರಾಂ ಮಿತಿ ಇತ್ತು. 2017ರಲ್ಲಿ ಅಂತಿಮವಾಗಿ ಬಂದ ಅಧಿಸೂಚನೆಯಲ್ಲಿ ಅದು ಮಾಯವಾಗಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಮಿತಿಗಳನ್ನು ಬಿಗಿಗೊಳಿಸಲು ಆದೇಶಿಸಿತು. ಅಳೆಯಬೇಕಿಲ್ಲದ್ದನ್ನು ತೆಗೆಯಲು ಯಾವ ನಗರಸಭೆಯೂ ದುಡ್ಡು ಹಾಕುವುದಿಲ್ಲ. 2017ರ ಆ ಕೈಬಿಡುವಿಕೆ ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಭಾರತ ಮಾಡಿದ ದೊಡ್ಡ ತಪ್ಪುಗಳಲ್ಲಿ ಒಂದು. ದುಬಾರಿ ಎಂಬ ಸಮರ್ಥನೆಗೆ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯನ್ನು ತೋರಿಸಬಹುದು. ಅಲ್ಲಿ 1978ರ ರಾಜ್ಯ ಕಾನೂನಿನಿಂದ ಸಾರಜನಕ ತೆಗೆಯುವ ಘಟಕಗಳು ಬಂದವು, 2010ರ ದಶಕದ ನಡುವಿನ ಹೊತ್ತಿಗೆ ಕಡಲಹುಲ್ಲಿನ ಹಾಸು 1950ರ ದಶಕದ ಮಟ್ಟ ಮುಟ್ಟಿತ್ತು. ಮೂಲ ಕೊಳವೆಯೇ ಆಗಿದ್ದಲ್ಲಿ ಕೊಳವೆಯ ಮೇಲೆ ಹಾಕಿದ ಹಣ ಫಲ ಕೊಡುತ್ತದೆ.

ಹಾಗೆಂದು ನಗರದವರು ಒಂದು ಮೂಲ, ಹೊಲದವರು ಇನ್ನೊಂದು ಮೂಲ ಎಂದು ಗೆರೆ ಎಳೆದು ಕೂರಲಾಗದು. ಬೆಂಗಳೂರಿನ ಮೂತ್ರದಲ್ಲಿರುವ ಸಾರಜನಕ ಮಂಡ್ಯದ ಭತ್ತದಿಂದ, ಕಲಬುರಗಿಯ ತೊಗರಿಯಿಂದ, ಕೋಲಾರದ ಹಾಲಿನಿಂದ ಬಂದದ್ದು. ತೊಗರಿ ತನ್ನ ಸಾರಜನಕವನ್ನು ಬೇರಿನ ಗಂಟಿನ ಬ್ಯಾಕ್ಟೀರಿಯಗಳಿಂದ ಪಡೆಯುತ್ತದೆ, ಭತ್ತದ್ದರಲ್ಲಿ ಬಹುಪಾಲು ಯೂರಿಯಾ ಕಾರ್ಖಾನೆಯದು. ಹೊಲಕ್ಕೆ ಹಾಕಿದ್ದು ಒಂದು ಭಾಗ ಅಲ್ಲೇ ಸೋರುತ್ತದೆ, ಉಳಿದದ್ದು ಲಾರಿ ಹತ್ತಿ ನಗರಕ್ಕೆ ಹೋಗಿ ಅಲ್ಲಿ ಸೋರುತ್ತದೆ. ಹಿಂದೆ ಹಳ್ಳಿಯ ಅನ್ನ ಹಳ್ಳಿಯ ತಿಪ್ಪೆಗೇ ಮರಳುತ್ತಿತ್ತು, ಈಗ ಮರಳುವ ದಾರಿ ಇಲ್ಲ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಯೋಜನೆಯನ್ನು ಈ ದೃಷ್ಟಿಯಿಂದಲೂ ನೋಡಬೇಕು. ಎರಡನೆಯ ಹಂತದವರೆಗೆ ಮಾತ್ರ ಶುದ್ಧವಾದ ಆ ನೀರಿನ ಜೊತೆ ಪೋಷಕಗಳೂ ಹೋಗುತ್ತವೆ. ಹೊಲದ ಬೆಳೆ ಅವನ್ನು ಹೀರಿದರೆ ಗೊಬ್ಬರ ಉಳಿತಾಯ, ಕೆರೆಯಲ್ಲೇ ನಿಂತರೆ ಪಾಚಿ, ಕೆಳಗಿಳಿದರೆ ಬೋರ್‌ವೆಲ್ಲಿನ ನೈಟ್ರೇಟ್.

ನಮ್ಮ ಕರಾವಳಿಯ ಲೆಕ್ಕ ಇವೆಲ್ಲದಕ್ಕಿಂತ ಬೇರೆ, ಮತ್ತು ಎಚ್ಚರಿಕೆ ಹೆಚ್ಚು ಬೇಡುವುದು. ಅರಬ್ಬೀ ಸಮುದ್ರದ ಭಾರತದ ಅಂಚಿನಲ್ಲಿ ಮುಂಗಾರಿನಿಂದ ನವೆಂಬರಿನ ಸುಮಾರಿಗೆ ಆಮ್ಲಜನಕ ತೀರ ಕುಗ್ಗುತ್ತದೆ, ವಿಸ್ತಾರದಲ್ಲಿ ಇದು ಮೆಕ್ಸಿಕೊ ಕೊಲ್ಲಿಯದಕ್ಕಿಂತ ಎಷ್ಟೋ ದೊಡ್ಡದು. ಆದರೆ ಇದರ ಮುಖ್ಯ ಕಾರಣ ಸ್ವಾಭಾವಿಕ. ಮುಂಗಾರು ಕಾಲದಲ್ಲಿ ಗಾಳಿ, ಪ್ರವಾಹಗಳ ಪ್ರಭಾವದಿಂದ ಆಳದ ನೀರು ದಡದತ್ತ ಮೇಲೇರುತ್ತದೆ. ಅದು ಪೋಷಕ ತುಂಬಿದ, ಮೊದಲೇ ಆಮ್ಲಜನಕ ಕಳೆದುಕೊಂಡ ನೀರು. ಬೂತಾಯಿ, ಬಂಗುಡೆಯ ಸಮೃದ್ಧಿಗೆ ಆಧಾರವೂ ಈ ಮೇಲೇರುವ ನೀರೇ. ಶರಾವತಿ, ಅಘನಾಶಿನಿ, ಕಾಳಿ, ನೇತ್ರಾವತಿ ಗಿಡ್ಡ ನದಿಗಳು, ಕಾಡಿನಿಂದ ಇಳಿದು ಬೇಗ ಕಡಲು ಸೇರುತ್ತವೆ. ರಾಜ್ಯದ ಗೊಬ್ಬರದ ಬಹುಪಾಲು ಬೀಳುವ ಕೃಷ್ಣಾ, ಕಾವೇರಿ ಬಯಲುಗಳು ಪೂರ್ವಕ್ಕೆ ವಾಲಿವೆ. ಹಾಗಾಗಿ ಲೂಯಿಸಿಯಾನದ ತೀರ್ಪನ್ನು ಕಾರವಾರಕ್ಕೆ, ಮಲ್ಪೆಗೆ ತಂದು ಓದುವುದು ತಪ್ಪು. ಆದರೂ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸೈಯದ್ ವಜೀಹ್ ನಖ್ವಿ ಮತ್ತಿತರರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂಚಿನ ಕೊರತೆ ತೀವ್ರವಾಗುತ್ತಿದೆ, ಅದರಿಂದ ನೈಟ್ರಸ್ ಆಕ್ಸೈಡ್ ಎಂಬ ಬಿಸಿಯೇರಿಸುವ ಅನಿಲ ಹೆಚ್ಚು ಹೊಮ್ಮುತ್ತಿದೆ, ದಡದಿಂದ ಮತ್ತು ಗಾಳಿಯಿಂದ ಬರುವ ಸಾರಜನಕ ಇದಕ್ಕೆ ಕಾರಣವಿರಬಹುದು ಎಂದು ಸೂಚಿಸಿತು.

ಸ್ವಾಭಾವಿಕವಾಗಿಯೇ ಇದ್ದದ್ದಕ್ಕೆ ನಾವೇಕೆ ತಲೆಕೆಡಿಸಿಕೊಳ್ಳಬೇಕು ಎಂದರೆ, ಉತ್ತರವಿರುವುದು ಅಂಚಿನ ಸ್ವಭಾವದಲ್ಲಿ. ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವಿರುವ ನೀರು ಒಂದು ಮಿಲಿಗ್ರಾಂ ಕಳೆದುಕೊಂಡರೆ ಮೀನಿಗೆ ಅಷ್ಟಾಗಿ ಗೊತ್ತಾಗದು. ಅರ್ಧ ಮಿಲಿಗ್ರಾಮಿನ ಮೇಲೆ ನಿಂತ ನೀರು ಅದನ್ನೂ ಕಳೆದುಕೊಂಡರೆ ಅದರ ರಸಾಯನವೇ ಬದಲಾಗುತ್ತದೆ: ಬ್ಯಾಕ್ಟೀರಿಯಗಳು ಮೊದಲು ನೈಟ್ರೇಟನ್ನು, ಅದೂ ಮುಗಿದ ಮೇಲೆ ಸಲ್ಫೇಟನ್ನು ಉಸಿರಾಡತೊಡಗಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮುಂಗಾರಿನ ಕೊನೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ತಳನೀರಿನಲ್ಲಿ ಆ ಅನಿಲ ಆಗಲೇ ದಾಖಲಾಗಿದೆ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯಂಥ ಕಡೆಗಳಲ್ಲಿ ನಗರದ ಪಾಲೆಷ್ಟು, ಹೊಲತೋಟದ ಪಾಲೆಷ್ಟು, ಆಳದಿಂದ ಮೇಲೇರಿದ್ದೆಷ್ಟು ಎಂದು ಬಿಡಿಸಲು ದಾರಿಯಿದೆ. ನೈಟ್ರೇಟಿನಲ್ಲಿರುವ ಸಾರಜನಕದ ಭಾರದ ಮತ್ತು ಹಗುರದ ಪರಮಾಣುಗಳ ಅನುಪಾತ ಸಗಣಿ, ಮಲಮೂತ್ರದಿಂದ ಬಂದದ್ದರಲ್ಲಿ ಒಂದು ಬಗೆ, ಕಾರ್ಖಾನೆಯ ಗೊಬ್ಬರದಿಂದ ಬಂದದ್ದರಲ್ಲಿ ಇನ್ನೊಂದು ಬಗೆ. ಅದನ್ನು ನದಿಯ ಹರಿವಿನ ಅಳತೆಯ ಜೊತೆ ಇಟ್ಟು ನೋಡಬೇಕು. ಮಾದರಿ ತೆಗೆಯಬೇಕಾದದ್ದು ಜೂನ್ ತಿಂಗಳ ಮೊದಲ ಮಳೆಯಿಂದಲೇ, ವಾರವಾರವೂ, ಏಕೆಂದರೆ ಬೇಸಿಗೆಯುದ್ದಕ್ಕೂ ನೆಲದಲ್ಲಿ ಸೇರಿಕೊಂಡದ್ದು ಆ ಮೊದಲ ನೆರೆಗಳಲ್ಲೇ ಹೊರಬರುತ್ತದೆ. ನೀರು ತಿಳಿಯಾದ ಮೇಲೆ ಡಿಸೆಂಬರಿನಲ್ಲಿ ತುಂಬಿದ ಬಾಟಲಿಯಲ್ಲಿ ಅದು ಸಿಗುವುದಿಲ್ಲ.